ಸಾಬರ ಪೈಪಿನ ಮೂತಿ

ಸತ್ತವರ ಹಲ್ಲಿನ ವಿಚಾರ ಬರೆಯುವುದು ಮರ್ಯಾದೆಯಲ್ಲ. ಆದರೆ ಹಲ್ಲನ್ನು ಬಿಟ್ಟು ನಮ್ಮ ಸಾಬರ ಬಗ್ಗೆ ಬರೆಯಲು ಕೂತರೆ ಎರಡು ಸಾಲಿಗೆ ಮುಗಿದುಹೋಗುತ್ತದೆ: ಹಳೇ ಸಾಮಾನಿನ ಹರಾಜು ಮಳಿಗೆಯಲ್ಲಿ ಬೆಲೆ ಕಟ್ಟುವ ಕೆಲಸ ಮಾಡುತ್ತಿದ್ದರು, ಬಾಯಲ್ಲಿ ಯಾವಾಗಲೂ ಒಂದು ಪೈಪ್ ಇರುತ್ತಿತ್ತು. ಹೋದ ತಿಂಗಳು ಅವರು ತೀರಿಕೊಂಡಾಗ ಫ್ರೇಜರ್ ಟೌನಿನ ಅವರ ಮನೆಯ ಮುಂದೆ ಸೇರಿದ್ದವರೆಲ್ಲ ಈ ಎರಡು ಸಾಲನ್ನೇ ಬೇರೆ ಬೇರೆ ಥರ ಹೇಳಿಕೊಳ್ಳುತ್ತಿದ್ದರು. ಒಳ್ಳೆಯ ಮನುಷ್ಯ, ನೇರ ಮನುಷ್ಯ, ಪೈಪಿನ ಮನುಷ್ಯ. ನೇರ ಎಂದವರಲ್ಲಿ ನಮ್ಮ ಮಳಿಗೆಯ ಯಜಮಾನರೂ ಇದ್ದರು. ಸಾಬರು ಬದುಕಿದ್ದಾಗ ಆ ನೇರವನ್ನು ಯಜಮಾನರು ಏನೆಂದು ಕರೆಯುತ್ತಿದ್ದರು ಎನ್ನುವುದು ನನಗೆ ಗೊತ್ತಿತ್ತು. ಸಾವಿನ ಮನೆ ಎಂದು ಸುಮ್ಮನಿದ್ದೆ.

ನಮ್ಮ ಮಳಿಗೆ ಇರುವುದು ಶಿವಾಜಿನಗರದ ಒಂದು ಗಲ್ಲಿಯೊಳಗೆ. ಕಂಟೋನ್ಮೆಂಟಿನ ಕಡೆ ಯಾವುದಾದರೂ ಹಳೇ ಬಂಗಲೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಾರೆ ಎಂದರೆ ಆ ಮನೆಯ ಮಂಚ, ಬೀರು, ಗಡಿಯಾರ, ಊಟದ ಮೇಜು ಎಲ್ಲ ಇಲ್ಲಿಗೆ ಬರುತ್ತವೆ. ಭಾನುವಾರ ಬೆಳಿಗ್ಗೆ ಹರಾಜು. ಕೂಲಿಯವರು ಸಾಮಾನನ್ನು ನಡುವೆ ತಂದಿಡುತ್ತಾರೆ. ಬೆಲೆ ಕಟ್ಟುವವನು ಎದ್ದು ಅದರ ಗುಣ ಹೇಳುತ್ತಾನೆ: ಎಲ್ಲ ಒರಿಜಿನಲ್ಲೋ, ಎಲ್ಲಿ ಏನು ಬದಲಾಗಿದೆಯೋ. ಅದಾದ ಮೇಲೇ ಯಜಮಾನರು ಸವಾಲು ಕೂಗುವುದು. ಕೊಳ್ಳುವವರಲ್ಲಿ ಅರ್ಧ ಜನ ಇದೇ ಶಿವಾಜಿನಗರದ ಹಳೇ ಫರ್ನಿಚರ್ ವ್ಯಾಪಾರಿಗಳು, ಇನ್ನರ್ಧ ಇಂದಿರಾನಗರದ ಹೋಟೆಲಿನವರು. ವ್ಯಾಪಾರಿಗಳು ಸಾಮಾನು ನೋಡುತ್ತಿರಲಿಲ್ಲ, ಸಾಬರ ಬಾಯಿ ನೋಡುತ್ತಿದ್ದರು. ಹೋಟೆಲಿನವರು ವ್ಯಾಪಾರಿಗಳನ್ನು ನೋಡುತ್ತಿದ್ದರು.

ನಾನು ಅಲ್ಲಿ ಆಫೀಸ್ ಕೆಲಸಕ್ಕೆ ಸೇರಿದವಳು. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲು. ಮರ್ಫಿ ಟೌನಿನ ನಮ್ಮ ಮನೆಗಳ ಸಾಲಿಗೂ ನಾನೇ ಮೊದಲು. ಇದನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ, ಏಕೆಂದರೆ ಆ ಬಿ.ಕಾಂ. ಸುಮ್ಮನೆ ಬಂದದ್ದಲ್ಲ. ಅಮ್ಮ ಹಲಸೂರಿನ ಬಂಗಲೆಗಳಲ್ಲಿ ಕಸ ಮುಸುರೆ ಮಾಡುವಾಗ ನಾನು ಅವರ ಊಟದ ಮೇಜುಗಳ ಕೆಳಗೆ ಕೂತು ಹೋಂವರ್ಕ್ ಮಾಡಿದವಳು. ಮೇಲೆ ಕೂತು ಉಂಡವರಿಗೆ ಆ ಮೇಜುಗಳು ಹೇಗೆ ಕಾಣುತ್ತಿದ್ದವೋ, ನನಗೆ ಅವುಗಳ ತಳ ಚೆನ್ನಾಗಿ ಗೊತ್ತು.

ಸೇರಿದ ಮೊದಲ ದಿನ ಸಾಬರು ನನ್ನ ಡಿಗ್ರಿ ಸರ್ಟಿಫಿಕೇಟ್ ಕೇಳಿದರು. ಯಜಮಾನರೇ ಕೇಳಿರಲಿಲ್ಲ. ಕೊಟ್ಟೆ. ಮುಂದಿನ ಭಾಗ ಓದಲೇ ಇಲ್ಲ. ತಿರುಗಿಸಿ ಹಿಂದಿನ ಭಾಗವನ್ನು ಬೆಳಕಿಗೆ ಹಿಡಿದರು, ಅಂಚನ್ನು ಉಗುರಿನಿಂದ ಗೀರಿದರು, ಮೂಸಿ ನೋಡಿದರು.

"ಏನ್ ಸಾಬ್, ಡೂಪ್ಲಿಕೇಟ್ ಅಂತ ಅನುಮಾನಾನಾ?" ಎಂದೆ. ನನಗೆ ಕೋಪ ಬಂದಿತ್ತು.

"ಅನುಮಾನ ಅಲ್ಲಮ್ಮ, ಅಭ್ಯಾಸ. ಮುಂದ್ಗಡೆ ಎಲ್ಲಾರೂ ಪಾಲಿಷ್ ಮಾಡ್ತಾರೆ. ಹಿಂದ್ಗಡೆ ಯಾರೂ ಮಾಡಲ್ಲ." ಪೈಪನ್ನು ಬಾಯಿಂದ ತೆಗೆಯದೆ ಕಾಗದ ವಾಪಸು ಕೊಟ್ಟರು. "ಒರಿಜಿನಲ್. ಹೋಗು, ಕೆಲ್ಸ ಮಾಡು ಬೀಕಾಮ್."

ಅಂದಿನಿಂದ ನನ್ನ ಹೆಸರು ಬೀಕಾಮ್. ಕೂಲಿಯವರಿಗೆ ಬೀಕಾಮಕ್ಕ. ಹಂಗಿಸಲು ಇಟ್ಟ ಹೆಸರು ಎಂದು ಮೊದಲು ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಆ ಮಳಿಗೆಯಲ್ಲಿ ಸಾಬರು ಏನೂ ತಪ್ಪು ಹೇಳದೆ ಬಿಟ್ಟ ವಸ್ತುಗಳು ಕೆಲವೇ. ಅವುಗಳಲ್ಲಿ ನಾನೂ ಒಬ್ಬಳು.

ಒರಿಜಿನಲ್ ಎನ್ನುವ ವಿಷಯದಲ್ಲಿ ಅವರಿಗೆ ರಿಯಾಯಿತಿ ಗೊತ್ತಿರಲಿಲ್ಲ. ಒಮ್ಮೆ ಒಬ್ಬ ಹೋಟೆಲಿನವನು ಬೀರುವಿಗೆ ಹಿಡಿಕೆ ಒಂದೇ ಬದಲಾಗಿದೆ, ಮುಕ್ಕಾಲು ಪಾಲು ಒರಿಜಿನಲ್ಲೇ ತಾನೇ ಎಂದ.

"ಮುಕ್ಕಾಲು ಒರಿಜಿನಲ್ ಅಂತ ಏನೂ ಇಲ್ಲ ಮಿಯಾ. ನಿಮ್ಮ ಹೋಟ್ಲಲ್ಲಿ ಮಟನ್ ಬಿರಿಯಾನಿಗೆ ಮುಕ್ಕಾಲು ಮಟನ್ ಹಾಕಿ, ಬಾಕಿ ಸೋಯಾ ಹಾಕಿದ್ರೆ ಬೋರ್ಡಲ್ಲಿ ಏನ್ ಬರೀತೀರಿ?"

"ಮಟನ್ ಬಿರಿಯಾನಿ ಅಂತಾನೇ ಬರೀತೀವಿ ಸಾಬ್."

"ಹಾಂ, ಅದಕ್ಕೇ ನಾನು ಹೊರಗೆ ತಿನ್ನಲ್ಲ."

ಈಗ ಪೈಪಿನ ವಿಚಾರಕ್ಕೆ ಬರುತ್ತೇನೆ. ಅದರಲ್ಲಿ ಅವರು ಸೇದುತ್ತಿರಲಿಲ್ಲ. ನಾನು ಸೇರುವ ಮೊದಲೇ ಹೃದಯದ ಡಾಕ್ಟರು ಬಿಡಿಸಿದ್ದರು. ಹೊಗೆಸೊಪ್ಪು ಹೋಯಿತು, ಪೈಪ್ ಉಳಿಯಿತು. ತುಂಬುವ ಬಟ್ಟಲು ಕಂದು ಮರದ್ದು. ಬಾಯಿಗೆ ಇಡುವ ಕೊಳವೆ ಗಟ್ಟಿ ಕಪ್ಪು ರಬ್ಬರಿನದು. ನಮ್ಮಲ್ಲಿ ಎಲ್ಲರೂ ಅದನ್ನು ಮೂತಿ ಎನ್ನುತ್ತಿದ್ದರು. ಎಷ್ಟೋ ವರ್ಷ ಕಚ್ಚಿ ಕಚ್ಚಿ ಆ ಮೂತಿಯ ತುದಿಯಲ್ಲಿ, ಮೇಲೊಂದು ಕೆಳಗೊಂದು, ಹಲ್ಲಿನ ಗುಳಿ ಬಿದ್ದಿದ್ದವು. ಕಪ್ಪು ಬಣ್ಣ ಹಾಳಾಗಿ ಹಸಿರಿಗೆ ತಿರುಗಿತ್ತು. ನೋಡಿದವರಿಗೆ ಅದು ದೊಡ್ಡಸ್ತಿಕೆಯ ಗುರುತು. ಸಾಬರಿಗೆ ಅದು ಸುತ್ತಿಗೆ.

ಹೌದು, ಸುತ್ತಿಗೆ. ಮೇಜಿಗೆ ಬೆಲೆ ಕಟ್ಟುವಾಗ ಅವರು ಪೈಪನ್ನು ಬಾಯಿಂದ ತೆಗೆದು, ತಿರುಗಿಸಿ, ಮೂತಿಯಿಂದ ಮರವನ್ನು ತಟ್ಟುತ್ತಿದ್ದರು. ಟಕ್. ತಲೆ ವಾಲಿಸಿ ಕೇಳುತ್ತಿದ್ದರು. ಬೀಟೆಗೆ ಒಂದು ಸದ್ದು, ತೇಗಕ್ಕೆ ಒಂದು, ಮೇಲೆ ತೆಳ್ಳಗೆ ಬೀಟೆ ಅಂಟಿಸಿದ ಅಗ್ಗದ ಮರಕ್ಕೆ ಇನ್ನೊಂದು. ಆಮೇಲೆ ಮೂತಿಯನ್ನು ಕರ್ಚೀಫಿನಲ್ಲಿ ಒರೆಸಿ ಮತ್ತೆ ಬಾಯಿಗೆ. ಹೊಗೆ ಬಿಡಿಸಿದ ಡಾಕ್ಟರಿಗೆ, ಇವರು ಕಂಟೋನ್ಮೆಂಟಿನ ಬಂಗಲೆಗಳ ಧೂಳನ್ನೆಲ್ಲ ಒಂದೊಂದಾಗಿ ನೆಕ್ಕಿ ಮುಗಿಸುತ್ತಿದ್ದಾರೆ ಎಂದು ಯಾರೂ ಹೇಳಲಿಲ್ಲ.

ತೊಂದರೆ ಶುರುವಾದದ್ದು ಹಲ್ಲಿನಿಂದ. ಮೊದಲೇ ಕೆಲವು ಉದುರಿದ್ದವು. ಉಳಿದವನ್ನು ಹಲ್ಲಿನ ಡಾಕ್ಟರು ಕಿತ್ತುಹಾಕಿದರು. ಒಸಡು ಮಾಯುವವರೆಗೆ ಬಾಯಿ ಖಾಲಿ. ಪೈಪ್ ನಿಲ್ಲುವುದಿಲ್ಲ, ಜಾರುತ್ತದೆ. ಮಾತು ಸಹ ಹಾಗೇ ಜಾರುತ್ತಿತ್ತು. ಭಾನುವಾರ ಎದ್ದು ನಿಂತು ಸಾಬರು ಏನೋ ಹೇಳುತ್ತಿದ್ದರು, ಗಾಳಿ ಬರುತ್ತಿತ್ತು. ಪಕ್ಕದ ಮೇಜಿನಲ್ಲೇ ಕೂರುತ್ತಿದ್ದ ನನಗೆ ಅವರ ಮಾತು ಅಭ್ಯಾಸವಾಗಿತ್ತು. ನಾನೇ ಎದ್ದು ಗಟ್ಟಿಯಾಗಿ ಹೇಳುತ್ತಿದ್ದೆ: "ಸಾಬ್ ಹೇಳ್ತಿದಾರೆ, ಬಾಗಿಲು ಒರಿಜಿನಲ್, ಕನ್ನಡಿ ಹೊಸದು." ವ್ಯಾಪಾರಿಗಳು ನಗುತ್ತಿದ್ದರು. ಒಬ್ಬ, "ಸಾಬ್‌ದು ಸ್ಪೀಕರ್ ಬದಲಾಗಿದೆ ಗುರು," ಎಂದ. ಸಾಬರಿಗೂ ಕೇಳಿಸಿತು.

ನಮ್ಮ ಯಜಮಾನರು ಹಳೇ ಯಜಮಾನರ ಮಗ. ಚಿಕ್ಕ ವಯಸ್ಸು, ಕೈಯಲ್ಲಿ ಎರಡು ಫೋನು. ಸಾಬರನ್ನು ಅಂಕಲ್ ಎನ್ನುತ್ತಾರೆ. ಒಂದು ದಿನ ಅವರು ಸಾಬರ ಕುರ್ಚಿಯ ಹತ್ತಿರ ಬಂದು ಬಹಳ ವಿನಯದಿಂದ ಹೇಳಿದರು.

"ಅಂಕಲ್, ಹಲಸೂರು ಕೆರೆ ಹತ್ರ ದೊಡ್ಡ ಬಂಗಲೆ ಒಂದು ಬರ್ತಿದೆ. ಇಡೀ ಮನೆ ಸಾಮಾನು. ಆ ಮನೆ ಓನರ್ ಮೇಡಂ ಮುಂದೆ ನೀವು ಹೀಗೆ ಫಸ್ ಫಸ್ ಅಂದ್ರೆ ಕಷ್ಟ. ಅಷ್ಟ್ರೊಳಗೆ ಸರಿಮಾಡ್ಕೊಳ್ಳಿ. ಇಲ್ಲಾಂದ್ರೆ ನೀವು ರೆಸ್ಟ್ ತಗೊಳ್ಳಿ, ಬೇರೆ ಯಾರನ್ನಾದ್ರೂ ಕೂರಿಸ್ತೀನಿ."

ರೆಸ್ಟ್ ಎಂದರೆ ಏನೆಂದು ಮೂವರಿಗೂ ಗೊತ್ತಿತ್ತು. ಆ ಕುರ್ಚಿ ಬಿಟ್ಟರೆ ಸಾಬರಿಗೆ ಫ್ರೇಜರ್ ಟೌನಿನ ಮಗನ ಮನೆಯ ಹಜಾರದ ಸೋಫಾ ಮಾತ್ರ. ಅದು ಪ್ಲೈವುಡ್ಡಿನದು. ಅದರ ಮೇಲೆ ಕೂರುವುದೇ ತಮಗೆ ಅವಮಾನ ಎಂದು ಹಿಂದೆಯೇ ಹೇಳಿದ್ದರು.

ಯಜಮಾನರೇ ಉಪಾಯವನ್ನೂ ಕೊಟ್ಟರು. ಮೂತಿ ಬದಲಾಯಿಸಿಬಿಡಿ. ಈಗ ಬರುವ ಹೊಸ ಮೂತಿಗಳು ಮೆತ್ತಗಿರುತ್ತವೆ, ಮಾಮೂಲಿ ಹಲ್ಲಿನ ಸೆಟ್ ಹಾಕಿಸಿಕೊಂಡರೂ ಕೂರುತ್ತವೆ. ಫೋನಿನಲ್ಲೇ ಆರ್ಡರ್ ಮಾಡಿ ತರಿಸಿಯೂ ಕೊಟ್ಟರು. ಪ್ಲಾಸ್ಟಿಕ್ಕಿನದು, ಫಳಫಳ ಹೊಳೆಯುತ್ತಿತ್ತು. ಸಾಬರು ಅದನ್ನು ಸಿಕ್ಕಿಸಿ, ಪಕ್ಕದಲ್ಲಿದ್ದ ಬೀಟೆ ಕುರ್ಚಿಗೆ ತಟ್ಟಿದರು. ಟಿಕ್. ತೇಗದ ಸ್ಟೂಲಿಗೆ ತಟ್ಟಿದರು. ಟಿಕ್. ಆಫೀಸಿನ ಸ್ಟೀಲ್ ಬೀರುವಿಗೂ ತಟ್ಟಿದರು. ಟಿಕ್.

"ನೋಡ್ದ್ಯಾ ಬೀಕಾಮ್? ಇದಕ್ಕೆ ಎಲ್ಲಾ ಒಂದೇ. ಇಂಥದ್ದನ್ನ ಯಜಮಾನ್ರಾಗಿ ಇಟ್ಕೋಬೋದು, ಬಾಯಲ್ಲಿ ಇಟ್ಕೊಳ್ಳೋಕಾಗಲ್ಲ."

ಹಲ್ಲಿಲ್ಲದ ಬಾಯಿಂದ ಇದು ನನಗೊಬ್ಬಳಿಗೇ ಅರ್ಥವಾದದ್ದು ಒಳ್ಳೆಯದೇ ಆಯಿತು.

ಶಿವಾಜಿನಗರದಲ್ಲಿ ಮದುವೆ ಬ್ಯಾಂಡಿನವರ ವಾದ್ಯ ರಿಪೇರಿ ಮಾಡುವ ಅಂಗಡಿಯೊಂದಿದೆ. ಅಲ್ಲಿಗೆ ಇಬ್ಬರೂ ಹೋದೆವು. ಕ್ಲಾರಿನೆಟ್ಟನ್ನೂ ಇಂಥದೇ ಗಟ್ಟಿ ರಬ್ಬರಿನಲ್ಲಿ ಮಾಡುತ್ತಾರೆ ಎಂದು ಸಾಬರಿಗೆ ಹೊಳೆದಿತ್ತು. ಅಂಗಡಿಯವನು ಮುರಿದ ಕ್ಲಾರಿನೆಟ್ಟಿನ ತುಂಡೊಂದನ್ನು ಎತ್ತಿ ತೋರಿಸಿದ.

"ಅದೇ ಮಾಲು ಸಾಬ್. ನಿಮ್ಮ ಅಳತೆಗೆ ಕಡೆದುಕೊಡ್ತೀನಿ. ಸದ್ದೂ ಅದೇ ಬರುತ್ತೆ."

ಸಾಬರು ತುಂಡನ್ನು ಮೇಜಿಗೆ ತಟ್ಟಿದರು. ಟಕ್. ನಿಜವಾಗಿಯೂ ಅದೇ ಸದ್ದು. ನನಗೆ ಸಮಾಧಾನವಾಯಿತು, ವಿಷಯ ಮುಗಿಯಿತು ಎಂದುಕೊಂಡೆ. ಸಾಬರು ತುಂಡನ್ನು ಕೆಳಗಿಟ್ಟು ತಮ್ಮ ಪೈಪನ್ನು ಎತ್ತಿಕೊಂಡರು. ತಿರುಗಿಸಿ ತಿರುಗಿಸಿ ನೋಡಿದರು, ನಮ್ಮಲ್ಲಿ ಬಂದ ಯಾವುದೋ ಕುರ್ಚಿಯನ್ನು ನೋಡುವ ಹಾಗೆ.

"ನಕ್ಕೋ," ಎಂದರು. ಬೇಡ ಎಂದು.

"ಯಾಕೆ ಸಾಬ್? ಸದ್ದು ಸರಿಯಾಗಿದೆಯಲ್ಲ!"

"ಸದ್ದು ಸರಿ ಇದೆ. ಭಾನುವಾರ ನಾನು ಎದ್ದು ನಿಂತು, ಈ ಮೇಜಿನ ಕಾಲು ಬದಲಾಗಿದೆ ಅಂತೀನಿ. ಬಾಯಲ್ಲಿ ಏನಿರುತ್ತೆ? ಬದಲಾಗಿರೋ ಮೂತಿ. ಯಾರ್ ಕೇಳ್ತಾರೆ ನನ್ನ?"

"ಯಾರಿಗೂ ಗೊತ್ತಾಗಲ್ಲ ಸಾಬ್."

"ಹೌದಮ್ಮ, ಕಾಲು ಬದಲಾಯಿಸ್ದೋರೂ ಹಂಗೇ ಅಂತಾರೆ."

ಬ್ಯಾಂಡ್ ಅಂಗಡಿಯವನಿಗೆ ಬೇಸರವಾಯಿತು. ನನಗೂ ಆಯಿತು. ನಾನು ಓದಿದ ಲೆಕ್ಕಶಾಸ್ತ್ರದಲ್ಲಿ ಸವೆದ ಭಾಗ ಬದಲಾಯಿಸುವುದು ಖರ್ಚು, ಪಾಪ ಅಲ್ಲ. ಅದನ್ನು ಹೇಳಿದೆ ಕೂಡ. ಅವರು ಕೇಳಿಸಿಕೊಂಡರು, ಒಪ್ಪಲಿಲ್ಲ. ಅಲ್ಲಿಂದ ನೇರವಾಗಿ ಗಲ್ಲಿಯ ಕೊನೆಯಲ್ಲಿದ್ದ ಹಲ್ಲಿನ ಸೆಟ್ ಮಾಡುವವನ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಒಸಡಿನ ಅಚ್ಚು ತೆಗೆದು ಅವನಿಗೇ ಕಳಿಸಿದ್ದರು. ಸಾಬರು ಪೈಪನ್ನು ಅವನ ಮುಂದೆ ಇಟ್ಟು, ಗುಳಿಗಳನ್ನು ತೋರಿಸಿದರು. ಸೆಟ್ಟಿನ ಎಡಗಡೆಯ ಹಲ್ಲುಗಳು ಸರಿಯಾಗಿ ಈ ಗುಳಿಯೊಳಗೆ ಕೂರಬೇಕು.

ಆತ ನನ್ನ ಮುಖ ನೋಡಿದ. "ಏನಂತಿದಾರೆ ಮೇಡಂ ಇವ್ರು?"

ಹೇಳಿದೆ.

"ಸಾಬ್, ಜನ ಊಟ ಮಾಡೋಕೆ ಸೆಟ್ ಹಾಕಿಸ್ತಾರೆ. ಹಿಂಗೆ ಮಾಡಿದ್ರೆ ಆ ಕಡೆ ಹಲ್ಲು ಎತ್ತರ ಆಗುತ್ತೆ. ಏನೂ ಅಗಿಯೋಕಾಗಲ್ಲ."

ಸಾಬರು ಹೇಳಿದ್ದನ್ನು ನಾನು ಮತ್ತೆ ಕನ್ನಡದಿಂದ ಕನ್ನಡಕ್ಕೆ ಮಾಡಿದೆ: "ಊಟ ಮನೇಲಿ ಮಾಡ್ತೀನಿ, ಅಲ್ಲಿ ನನ್ನ ಮಾತು ಯಾರೂ ಕೇಳಲ್ಲ. ಇದು ಕೆಲಸಕ್ಕೆ."

ಹೀಗೆ ಸಾಬರು ಪೈಪಿಗೆ ಹೊಸ ಮೂತಿ ಹಾಕಿಸುವ ಬದಲು ಮೂತಿಗೆ ಹೊಸ ಹಲ್ಲು ಹಾಕಿಸಿದರು. ಆತ ಬಹಳ ಚೆನ್ನಾಗಿ ಮಾಡಿದ್ದ. ಪೈಪ್ ಒಳಗೆ ಹೋದದ್ದೇ ಕೀಲಿ ಹಾಕಿದ ಹಾಗೆ ಕೂತಿತು. ಮಾತು ಸ್ಪಷ್ಟವಾಯಿತು. ಮಟನ್ ಮಾತ್ರ ಹೋಯಿತು. ಅಂದಿನಿಂದ ಅವರ ಟಿಫಿನ್ ಡಬ್ಬಿಯಲ್ಲಿ ಬರುತ್ತಿದ್ದದ್ದು ಮೆತ್ತನೆಯ ಖಿಚಡಿ. ಬೋರ್ಡಿನಲ್ಲಿ ಬರೆದ ಹಾಗೆ ಖಿಚಡಿಯೇ, ಎಂದು ತಾವೇ ನಗುತ್ತಿದ್ದರು.

ಹಲಸೂರಿನ ಬಂಗಲೆಗೆ ಹೋದೆವು. ಒಡತಿ ವಯಸ್ಸಾದ ಹೆಂಗಸು, ಒಬ್ಬರೇ ಇದ್ದರು. ಎಲ್ಲವನ್ನೂ ಮಾರಿ ಚಿಕ್ಕ ಫ್ಲ್ಯಾಟಿಗೆ ಹೋಗುವವರು. ಬಂಗಲೆಯ ಹೆಮ್ಮೆ ಒಂದು ಊಟದ ಮೇಜು: ಬೀಟೆಯದು, ಆನೆಯ ಪಾದದಂಥ ಕಾಲು. ಸಾಬರು ಮಂಡಿಯೂರಿ ಪ್ರತಿ ಕಾಲನ್ನೂ ತಟ್ಟಿದರು. ನಾನು ಅಭ್ಯಾಸಬಲದಿಂದ ಬಗ್ಗಿ ತಳ ನೋಡಿದೆ. ಎದ್ದು ಪೈಪನ್ನು ಹಲ್ಲಿಗೆ ಕೂರಿಸಿ ಸಾಬರು ಹೇಳಿದರು, "ಮೂರು ಕಾಲು ಒರಿಜಿನಲ್. ನಾಲ್ಕನೇದು ಬದಲಾಗಿದೆ."

"ಏನ್ರೀ ಮಾತಾಡ್ತೀರ? ಅದು ನಮ್ಮ ತಾತನ ಮೇಜು!"

"ಮೂರು ಕಾಲು ನಿಮ್ಮ ತಾತಂದೇ ಮೇಡಂ. ನಾಲ್ಕನೇದು ಯಾರ ತಾತಂದೋ ಗೊತ್ತಿಲ್ಲ."

ನಮ್ಮ ಯಜಮಾನರು ಕೆಮ್ಮಿದರು. ಆ ಹೆಂಗಸು ಸಾಬರನ್ನು ಮೇಲಿಂದ ಕೆಳಗೆ ನೋಡಿದರು, ಕಣ್ಣು ಪೈಪಿನ ಮೇಲೆ ನಿಂತಿತು. "ಹಾಗಾದ್ರೆ ನಿಮ್ಮ ಆ ಪೈಪು? ಅದು ಒರಿಜಿನಲ್ಲಾ?"

"ಪೈಪ್ ಪೂರ್ತಿ ಒರಿಜಿನಲ್ ಮೇಡಂ," ಎಂದರು ಸಾಬರು. "ಹಲ್ಲು ಬದಲಾಗಿದೆ."

ಆಕೆ ನಕ್ಕುಬಿಟ್ಟರು. ನಾವೂ ನಕ್ಕೆವು. ಟೀ ಕೊಟ್ಟರು, ಬಿಸ್ಕತ್ತು ಕೊಟ್ಟರು, ಗೇಟಿನವರೆಗೂ ಬಂದರು. ಸಂಜೆ ಇನ್ನೊಂದು ಹರಾಜಿನವರಿಗೆ ಫೋನ್ ಮಾಡಿ ಇಡೀ ಮನೆಯ ಸಾಮಾನನ್ನು ಅವರಿಗೆ ಕೊಟ್ಟರು. ಅಲ್ಲಿ ಆ ಮೇಜು ನಾಲ್ಕೂ ಕಾಲಿನಲ್ಲಿ ಒರಿಜಿನಲ್ ಎಂದೇ ಮಾರಾಟವಾಯಿತಂತೆ. ಕೊಂಡವನು ಇಂದಿರಾನಗರದ ಒಬ್ಬ ಹೋಟೆಲಿನವನು.

"ಅಂಕಲ್, ಬಾಯಿ ಸರಿಮಾಡ್ಕೊಳ್ಳಿ ಅಂದೆ," ಎಂದರು ಯಜಮಾನರು. "ಸರಿಯಾದ ಬಾಯಲ್ಲಿ ಇದನ್ನ ಹೇಳಿ ಅಂತ ಹೇಳಿರ್ಲಿಲ್ಲ."

ಸಾಬರು ರೆಸ್ಟ್ ತೆಗೆದುಕೊಂಡರು.

ಅವರ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಡಿಗ್ರಿ ಇದೆ, ಸ್ಪಷ್ಟವಾಗಿ ಮಾತಾಡುತ್ತಾಳೆ, ಸಂಬಳವೂ ಹೆಚ್ಚಿಸಬೇಕಿಲ್ಲ. ನಾನು ಎದ್ದು ನಿಂತು ಒರಿಜಿನಲ್ ಎಂದರೆ ವ್ಯಾಪಾರಿಗಳು ಗೋಡೆ ನೋಡುತ್ತಿದ್ದರು. ಬದಲಾಗಿದೆ ಎಂದರೂ ಗೋಡೆಯನ್ನೇ ನೋಡುತ್ತಿದ್ದರು. ಸಣ್ಣ ಪುಟ್ಟ ಸಾಮಾನು ಹೋಗುತ್ತಿತ್ತು. ದೊಡ್ಡದು ಬಂದರೆ ಸವಾಲು ಏಳುತ್ತಲೇ ಇರಲಿಲ್ಲ. ಕಷ್ಟಪಟ್ಟು ಓದಿದವಳು ನಾನು, ನನ್ನ ಮಾತಿಗೆ ಬೆಲೆ ಇಲ್ಲ ಎನ್ನುವುದನ್ನು ಸುಲಭಕ್ಕೆ ಒಪ್ಪುವವಳಲ್ಲ. ಆದರೆ ಪ್ರತಿ ಭಾನುವಾರ ಗೋಡೆಯ ಜೊತೆ ಸ್ಪರ್ಧೆ ಮಾಡುವುದು ಸಾಕಾಗಿತ್ತು.

ಅಷ್ಟರಲ್ಲಿ ಇಂದಿರಾನಗರದ ಆ ಹೋಟೆಲ್ ಮುಚ್ಚಿತು. ಆನೆ ಪಾದದ ಮೇಜು ಮಾರಾಟಕ್ಕೆ ಬಂದದ್ದು, ಈ ಸಲ, ನಮ್ಮಲ್ಲಿಗೆ. ವ್ಯಾಪಾರಿಗಳು ಒಂದೇ ಮಾತು ಹೇಳಿದರು: ಸಾಬ್ ಬಂದು ಹೇಳಲಿ, ಆಮೇಲೆ ಸವಾಲು. ಯಜಮಾನರಿಗೆ ಬೇರೆ ದಾರಿ ಇರಲಿಲ್ಲ. ಶನಿವಾರ ನನ್ನನ್ನೂ ಕರೆದುಕೊಂಡು ಫ್ರೇಜರ್ ಟೌನಿಗೆ ಹೋದರು. ಸಾಬರು ಪ್ಲೈವುಡ್ ಸೋಫಾದ ಅಂಚಿನಲ್ಲಿ, ಎದ್ದು ಹೋಗುವವರ ಹಾಗೆ ಕೂತಿದ್ದರು.

"ಅಂಕಲ್, ನಾಳೆ ಬನ್ನಿ. ಒರಿಜಿನಲ್ ಅಂತ ಒಂದು ಮಾತು ಹೇಳ್ಬಿಡಿ ಸಾಕು. ಕುರ್ಚಿ ನಿಮ್ದೇ, ಮುಂದಿನ ವಾರದಿಂದ ಮೊದಲಿನ ಥರ." ನನ್ನ ಕಡೆ ತಿರುಗಿ, "ಬೀಕಾಮ್‌ಗೇನೂ ಬೇಜಾರಿಲ್ಲ, ಅಲ್ವಾ?" ಎಂದರು.

ಸಾಬರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಮನೆಯಲ್ಲಿ ಕೂತು ಸೊರಗಿದ್ದರು. ಕೆನ್ನೆ ಒಳಗೆ ಹೋಗಿತ್ತು.

ಭಾನುವಾರ ನಾನೇ ಆಟೋದಲ್ಲಿ ಕರೆತಂದೆ. ದಾರಿಯುದ್ದಕ್ಕೂ ಪೈಪನ್ನು ಬಾಯಲ್ಲಿಟ್ಟುಕೊಂಡು, ಕೈಯಿಂದ ಒತ್ತಿ ಹಿಡಿದಿದ್ದರು. ಏಕೆಂದು ನನಗೆ ಆಗ ತಿಳಿಯಲಿಲ್ಲ. ಮಳಿಗೆ ತುಂಬಿತ್ತು. ಕೂಲಿಯವರು ಮೇಜನ್ನು ನಡುವೆ ತಂದಿಟ್ಟರು. ಸಾಬರು ಹತ್ತಿರ ಹೋದರು, ಬಗ್ಗಿದರು, ತಟ್ಟಲೆಂದು ಪೈಪನ್ನು ಬಾಯಿಂದ ಎಳೆದರು.

ಪೈಪಿನ ಜೊತೆ ಹಲ್ಲಿನ ಸೆಟ್ಟೂ ಆಚೆ ಬಂತು.

ಒಸಡು ಸವೆದು ಸೆಟ್ ಸಡಿಲವಾಗಿತ್ತು. ಬಾಯಿಗೆ ಅದರ ಹಿಡಿತ ತಪ್ಪಿತ್ತು, ಮೂತಿಗೆ ತಪ್ಪಿರಲಿಲ್ಲ. ಮೇಲಿನ ಸಾಲು ಕೆಳಗಿನ ಸಾಲು ಎರಡೂ ಆ ಹಸಿರು ಮೂತಿಯನ್ನು ಕಚ್ಚಿಕೊಂಡು ಸಾಬರ ಕೈಯಲ್ಲಿ ನೇತಾಡುತ್ತಿದ್ದವು. ಹಿಂದೆ ಯಾರೋ ಕಿಸಕ್ಕೆಂದರು. ಮುಂದೆ ಕೂತವರು ನೆಲ ನೋಡಿದರು. ಸಾಬರು ಒಂದು ಗಳಿಗೆ ಅದನ್ನು ನೋಡಿದರು, ಬಿಡಿಸಲು ಹೋಗಲಿಲ್ಲ. ತಿರುಗಿಸಿದರೆ ಹಲ್ಲೇ ಮರಕ್ಕೆ ತಾಗುತ್ತದೆ. ಹಾಗಾಗಿ ಮೂತಿಯ ಬದಿಯಿಂದ ತಟ್ಟಿದರು. ಒಂದೊಂದೇ ಕಾಲು, ನಿಧಾನವಾಗಿ, ಕೂಲಿಯವರ ಭುಜ ಹಿಡಿದುಕೊಂಡು ಸುತ್ತ ಹೋಗಿ. ಆಮೇಲೆ ನೇರ ನಿಂತು, ಖಾಲಿ ಬಾಯಿಂದ ಏನೋ ಹೇಳಿದರು.

ಮಳಿಗೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಯಜಮಾನರು ಅವಕಾಶ ಬಿಡಲಿಲ್ಲ. "ಒರಿಜಿನಲ್ ಅಂದ್ರು, ಕೇಳಿಸ್ತಲ್ಲ? ಬೀಕಾಮ್, ಸಾಬ್ ಒರಿಜಿನಲ್ ಅಂದ್ರು, ಅಲ್ವಾ?"

ಇಡೀ ಮಳಿಗೆ ನನ್ನ ಕಡೆ ತಿರುಗಿತು. ಗೋಡೆ ನೋಡುತ್ತಿದ್ದವರೂ ತಿರುಗಿದರು. ಸಾಬರು ಮಾತ್ರ ನನ್ನನ್ನು ನೋಡಲಿಲ್ಲ. ಕರ್ಚೀಫಿನಿಂದ ಹಲ್ಲು ಒರೆಸುತ್ತಿದ್ದರು. ನಾನು ಹೂಂ ಎಂದಿದ್ದರೆ ಅವರಿಗೆ ಕುರ್ಚಿ ಸಿಗುತ್ತಿತ್ತು. ಅದು ನನಗೂ ಗೊತ್ತು, ಅವರಿಗೂ ಗೊತ್ತು.

"ಮೂರು ಕಾಲು ಒರಿಜಿನಲ್," ಎಂದೆ. "ನಾಲ್ಕನೇದು ಬದಲಾಗಿದೆ."

"ಅದು ಅವ್ರು ಹೇಳಿದ್ದಾ, ನೀವು ಹೇಳ್ತಿರೋದಾ?" ಯಜಮಾನರ ಮುಖ ಕೆಂಪಗಾಗಿತ್ತು.

"ಅವ್ರು ಹೇಳಿದ್ದೂ ಅದೇ. ತಳ ನಾನೂ ನೋಡಿದೀನಿ, ನಾನು ಹೇಳ್ತಿರೋದೂ ಅದೇ."

ಆಮೇಲೆ ಮೂಲೆಯಲ್ಲಿದ್ದ ಹಳೇ ವ್ಯಾಪಾರಿಯೊಬ್ಬ ಮೂರು ಕಾಲಿಗೆ ತಕ್ಕ ಸವಾಲು ಕೂಗಿದ. ಅವನ ಮೇಲೆ ಇನ್ನೊಬ್ಬ ಕೂಗಿದ. ಯಜಮಾನರು ಕೇಳಿಯೂ ಕೇಳದ ಹಾಗೆ ಫೋನ್ ತೆಗೆದರು, ಇಟ್ಟರು, ಕೊನೆಗೆ ಸವಾಲು ಎಣಿಸತೊಡಗಿದರು. ಮೇಜು ಹೋಯಿತು.

ಸಾಬರು ಎರಡೂ ಕೈಯಿಂದ ಪೈಪನ್ನು ಹಲ್ಲು ಸಮೇತ ಬಾಯಿಗೆ ಕೂರಿಸಿಕೊಂಡರು. ಕೂರಲು ನೋಡಿದರು. ಬೆಲೆ ಹೇಳುವವರಿಗೆ ಇದ್ದದ್ದು ಒಂದೇ ಕುರ್ಚಿ, ಅದರಲ್ಲಿ ನಾನಿದ್ದೆ. ನಾನು ಎದ್ದೆ. ಅವರು ಬೇಡವೆಂದು ಕೈ ಆಡಿಸಿ, ಕುರ್ಚಿಯ ಪಕ್ಕದಲ್ಲೇ ನಿಂತುಕೊಂಡು ಕೂಲಿಯವರ ಕಡೆ ತಿರುಗಿದರು.

"ಏನ್ ನೋಡ್ತೀರೋ? ಮುಂದಿನ್ದು ತನ್ನಿ."

ಕೂಲಿಯವರು ಯಜಮಾನರ ಮುಖ ನೋಡದೆ ತಂದರು.